ಪುದಿಯಾಪ್ಲೆಯ ತಟ್ಟೆಯಲ್ಲಿ ಜೀವಕೋಶ

ಕುಂಬ್ರದ ಆಸುಪಾಸಿನ ಶಾಲೆಗಳಲ್ಲಿ ಇದುವರೆಗೆ ಸ್ಫೋಟಿಸಿದ ಜ್ವಾಲಾಮುಖಿಗಳಲ್ಲಿ ಹೆಚ್ಚಿನವು ನನ್ನವೇ ಎಂದು ವಿನಯಪೂರ್ವಕವಾಗಿ ತಿಳಿಸಬಯಸುತ್ತೇನೆ.

ತಪ್ಪು ತಿಳಿಯಬೇಡಿ. ನಾನು ವಿಜ್ಞಾನಿ ಅಲ್ಲ. ಪೇಟೆಯಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ. ಬಳೆ, ಕ್ಲಿಪ್ಪು, ರಿಬ್ಬನ್ನು, ಲೇಸು, ಮಣಿ; ಜೊತೆಗೆ ಶಾಲಾ ಮಕ್ಕಳಿಗೆ ಬೇಕಾದ ಥರ್ಮಾಕೋಲು, ಅಂಟು, ಬಣ್ಣದ ಕಾಗದ. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟ ದಿನ ಸಂಜೆ ಮಕ್ಕಳು ಆಟಕ್ಕೆ ಹೋಗುತ್ತಾರೆ, ಅಪ್ಪಂದಿರು ನನ್ನ ಅಂಗಡಿಗೆ ಬರುತ್ತಾರೆ.

"ಹಮೀದಾಕ, ನಾಳೆಗೊಂದು ಸೌರವ್ಯೂಹ ಬೇಕಿತ್ತು."

"ದೊಡ್ಡದಾ, ಸಣ್ಣದಾ?"

"ಸಣ್ಣದು ಸಾಕು ಮಾರಾಯ್ರೆ. ಒಂದೆರಡು ಗ್ರಹ ಕಡಿಮೆ ಆದ್ರೂ ಅಡ್ಡಿಯಿಲ್ಲ."

ಹೀಗೆ ಊರವರ ಮಕ್ಕಳನ್ನೆಲ್ಲ ವಿಜ್ಞಾನಿಗಳನ್ನಾಗಿ ಮಾಡಿದ ನನಗೆ, ಸ್ವಂತ ಮಗಳಿಗೆ ಒಂದು ಮಾದರಿ ಮಾಡಿಕೊಡುವುದು ಎಂತ ದೊಡ್ಡ ಕೆಲಸ? ಹಾಗೆಂದು ನಾನು ತಿಳಿದಿದ್ದೆ.

ಮಗಳು ಅಫ್ರಾ ಎಂಟನೇ ತರಗತಿ. ಪುತ್ತೂರಿನ ತಾಲೂಕು ಮಟ್ಟದ ವಿಜ್ಞಾನ ಪ್ರದರ್ಶನಕ್ಕೆ ಅವಳ ಪುಟ್ಟ ಶಾಲೆಯಿಂದ ಅದುವರೆಗೆ ಯಾರೂ ಹೋದದ್ದಿಲ್ಲ. ಈ ಸಲ ಅವಳು ಆಯ್ಕೆಯಾಗಿದ್ದಳು. ವಿಷಯ: ಜೀವಕೋಶದ ರಚನೆ ಮತ್ತು ಅದರ ಭಾಗಗಳ ಕೆಲಸ. ಸೋಮವಾರ ಮಾದರಿ ತೆಗೆದುಕೊಂಡು ಹೋಗಬೇಕು, ತೀರ್ಪುಗಾರರ ಮುಂದೆ ವಿವರಿಸಬೇಕು. ಕನ್ನಡಿಯ ಮುಂದೆ, ಬೆಕ್ಕಿನ ಮುಂದೆ, ಒಗೆಯುವ ಕಲ್ಲಿನ ಮುಂದೆ ನಿಂತು ಅವಳು ಅಭ್ಯಾಸ ಮಾಡುತ್ತಿದ್ದಳು. ಆ ಹುಡುಗಿಗೆ ಅಷ್ಟು ಆಸೆ ಇತ್ತು.

ಶಾಲೆಯ ಟೀಚರ್ ಒಂದೇ ಒಂದು ಕಟ್ಟಳೆ ಹಾಕಿದ್ದರು. ಥರ್ಮಾಕೋಲ್ ಆಗುವುದಿಲ್ಲ, ಪ್ಲಾಸ್ಟಿಕ್ ಆಗುವುದಿಲ್ಲ. ಮಣ್ಣಿಗೆ ಸೇರುವಂಥದ್ದು ಇಲ್ಲವೇ ಹೊಟ್ಟೆಗೆ ಸೇರುವಂಥದ್ದು ಮಾತ್ರ.

"ಉಪ್ಪ, ನಾನು ಗೋಧಿ ಹಿಟ್ಟಲ್ಲಿ ಮಾಡ್ತೇನೆ. ಬಣ್ಣ ಕಲಸಿದ್ರೆ ಆಯ್ತು" ಎಂದಳು ಅಫ್ರಾ. (ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ, ಅದರಲ್ಲಿ ಉಪ್ಪ ಎಂದರೆ ಅಪ್ಪ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ, ಬೈಗುಳಗಳನ್ನು ಬಿಟ್ಟಿದ್ದೇನೆ.)

"ಹಿಟ್ಟಾ? ಕುಂಬ್ರದ ಹಮೀದನ ಮಗಳು ಪುತ್ತೂರಿಗೆ ಚಪಾತಿ ಹಿಟ್ಟು ಹಿಡ್ಕೊಂಡು ಹೋಗುದಾ? ನೋಡಿದವರು ಎಂತ ಹೇಳಿಯಾರು?"

"ಜೀವಕೋಶ ಅಂತ ಹೇಳ್ತಾರೆ ಉಪ್ಪ."

"ನೀನು ಸುಮ್ಮನಿರು. ಆ ಪುಸ್ತಕ ಇಲ್ಲಿ ಕೊಡು."

ಅಂಗಡಿಯಲ್ಲಿ ಕುಳಿತು ಪಾಠ ಓದಿದೆ. ಕೋಶವೆಂದರೆ ಬೇರೇನಲ್ಲ, ಒಂದು ಮನೆ ಎಂದು ನನಗೆ ಕೂಡಲೇ ಹೊಳೆಯಿತು. ಕೋಶಪೊರೆ ಬಾಗಿಲಲ್ಲಿ ನಿಂತು ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂದು ತೀರ್ಮಾನಿಸುತ್ತದೆ. ಅಂದರೆ ನನ್ನ ಅತ್ತೆ, ನಾವು ಮಾಮಿ ಅನ್ನುತ್ತೇವೆ. ಮೈಟೋಕಾಂಡ್ರಿಯಾ ಹಗಲಿಡೀ ದುಡಿದು ಶಕ್ತಿ ತಯಾರಿಸುತ್ತದೆ. ಅಂದರೆ ನನ್ನ ಹೆಂಡತಿ ಸುಹರಾ. ಇನ್ನು ನಡುವಿನಲ್ಲಿ ಕುಳಿತು ಎಲ್ಲವನ್ನೂ ನಡೆಸುವ ಕೋಶಕೇಂದ್ರ ಯಾರೆಂದು ನಾನೇ ಹೇಳಿಕೊಳ್ಳುವುದು ಸರಿಯಲ್ಲ. ಮನೆಗೆ ಬಂದು ಸುಹರಾಳಿಗೆ ಇದನ್ನೆಲ್ಲ ವಿವರಿಸಿದೆ.

"ಇದು ಎಂತ, ರಸದಾನಿ ಅಂತ ಉಂಟಲ್ಲ?" ಎಂದು ಚಿತ್ರ ನೋಡಿ ಕೇಳಿದಳು.

"ಅದು ಸಂಗ್ರಹಕ್ಕೆ. ಒಳಗೆ ನೀರು ಗೀರು ತುಂಬಿಸಿಕೊಂಡು, ಜಾಗ ಹಿಡ್ಕೊಂಡು ಇರ್ತದೆ."

"ಹಾಗಾದ್ರೆ ಅದು ನೀವು."

ಹೆಂಗಸರಿಗೆ ವಿಜ್ಞಾನ ವಿವರಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ.

ನನ್ನ ತಲೆಯಲ್ಲಿ ಯೋಜನೆ ತಯಾರಾಗಿತ್ತು. ಚೈನಾ ಗ್ರಾಸ್ ಪುಡ್ಡಿಂಗ್! ನಮ್ಮಲ್ಲಿ ಅದಿಲ್ಲದೆ ಯಾವ ಔತಣವೂ ಮುಗಿಯುವುದಿಲ್ಲ. ಚೈನಾ ಗ್ರಾಸಿನ ಎಳೆಗಳನ್ನು ನೀರಲ್ಲಿ ಕುದಿಸಿ, ಸಕ್ಕರೆ ಹಾಕಿ ತಣಿಸಿದರೆ ಅದು ಲೋಳೆಯ ಹಾಗೆ ಗಟ್ಟಿಯಾಗುತ್ತದೆ. ಪುಸ್ತಕದಲ್ಲಿ ಕೋಶದ್ರವ್ಯದ ಬಗ್ಗೆ ಬರೆದದ್ದೂ ಅದನ್ನೇ. ತಿನ್ನಲೂ ಆಗುತ್ತದೆ. ಟೀಚರಿಗೆ ಇನ್ನೇನು ಬೇಕು?

ಶನಿವಾರ ಸಂಜೆ ಕೆಲಸಕ್ಕೆ ಇಳಿದೆ. ದೊಡ್ಡ ಗಾಜಿನ ಬಸಿ ತೆಗೆದೆ. ಒಳಗಿನ ಭಾಗಗಳಿಗೆ ಚೆರ್ರಿ, ದ್ರಾಕ್ಷಿ, ಗೋಡಂಬಿ ಹಾಕೋಣ ಎಂದು ಅಫ್ರಾ ಹೇಳಿದಳು. ನಾನು ನಕ್ಕುಬಿಟ್ಟೆ. ಕೋಶದೊಳಗಿನ ಕಣದಂಗಗಳಲ್ಲಿ ನನ್ನ ಅಂಗಡಿಯಲ್ಲಿ ಸಿಗದ್ದು ಒಂದಾದರೂ ಉಂಟೇ? ಮೈಟೋಕಾಂಡ್ರಿಯಾಕ್ಕೆ ಕೂದಲಿನ ಕ್ಲಿಪ್ಪು. ಆಕಾರ ನೋಡಿದರೆ ಕ್ಲಿಪ್ಪನ್ನು ನೋಡಿಯೇ ಮೈಟೋಕಾಂಡ್ರಿಯಾ ಮಾಡಿದ್ದಾರೋ ಎಂದು ಅನುಮಾನ ಬರುತ್ತದೆ. ಗಾಲ್ಗಿ ಸಂಕೀರ್ಣಕ್ಕೆ ಮಡಚಿದ ಗುಲಾಬಿ ರಿಬ್ಬನ್ನು. ಅಂತರ್ದ್ರವ್ಯ ಜಾಲಕ್ಕೆ ಲೇಸು. ರೈಬೋಸೋಮುಗಳಿಗೆ ಕೆಂಪು ಮಣಿ. ಕೋಶಕೇಂದ್ರಕ್ಕೆ ಮಕ್ಕಳು ಆಡುವ ರಬ್ಬರ್ ಚೆಂಡು!

"ಉಪ್ಪ, ಇದೆಲ್ಲ ತಿನ್ಲಿಕ್ಕೆ ಆಗುದಿಲ್ಲ. ಟೀಚರ್ ಬೇಡ ಹೇಳಿದ್ದಾರೆ."

"ಒಳಗೆ ಹೋದ ಮೇಲೆ ಯಾರಿಗೆ ಗೊತ್ತಾಗ್ತದೆ? ತೀರ್ಪುಗಾರರು ತಿಂದು ನೋಡ್ತಾರಾ?"

ಈ ಮಾತನ್ನು ನಾನು ಪೂರ್ಣ ಆತ್ಮವಿಶ್ವಾಸದಿಂದ ಹೇಳಿದೆ.

ನೋಡಿದರೆ ಹಸಿರು ಬಣ್ಣ ಕಡಿಮೆಯಾಗಿತ್ತು. ನಾಲ್ಕು ಹಸಿರು ಗುಂಡಿ ಹಾಕಿ, ಅದು ಹರಿದ್ರೇಣು ಎಂದೆ.

"ಉಪ್ಪಾ! ನಾನು ಮಾಡುದು ಪ್ರಾಣಿಯ ಕೋಶ. ಅದರಲ್ಲಿ ಹರಿದ್ರೇಣು ಇರುದಿಲ್ಲ. ಅದು ಗಿಡದ ಎಲೆಯಲ್ಲಿ ಆಹಾರ ತಯಾರಿಸ್ಲಿಕ್ಕೆ ಇರುದು."

"ಇರಲಿ ಬಿಡು, ಲಕ್ಷಣ ಬರ್ತದೆ."

ಬಸಿಯ ಅಂಚಿಗೆ ಸುತ್ತಲೂ ಬಿಸ್ಕೆಟ್ ನಿಲ್ಲಿಸಿದೆ. ಮನೆ ಎಂದ ಮೇಲೆ ಗೋಡೆ ಬೇಡವೇ?

"ಪ್ರಾಣಿಯ ಕೋಶಕ್ಕೆ ಕೋಶಭಿತ್ತಿಯೂ ಇಲ್ಲ ಉಪ್ಪ! ಈಗ ಇದು ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ. ಯಾರಾದ್ರೂ ಕೇಳಿದ್ರೆ ಎಂತದರ ಕೋಶ ಅಂತ ಹೇಳುದು?"

"ಕುಂಬ್ರದ್ದು ಅಂತ ಹೇಳು."

ಕೊನೆಗೆ ಕೈ ಅಭ್ಯಾಸ ನೋಡಿ! ಪುಡ್ಡಿಂಗ್ ಎಂದರೆ ಹಾಲು ಹಾಕಲೇಬೇಕು ಎಂದು ಕುದಿಸಿದ ಚೈನಾ ಗ್ರಾಸಿಗೆ ಡಬ್ಬಿಯ ಗಟ್ಟಿ ಹಾಲನ್ನು ಪೂರ್ತಿ ಸುರಿದು ಬಸಿಗೆ ಹೊಯ್ದೆ. ಗಾಜಿನ ಹಾಗೆ ಕಾಣಬೇಕಿದ್ದ ಕೋಶದ್ರವ್ಯ ಮಬ್ಬಾಗಿ ಕುಳಿತಿತು. ಒಳಗಿದ್ದ ವೈಭವವೆಲ್ಲ ಹಣ್ಣಿನ ತುಂಡುಗಳ ಹಾಗೆ ಅಸ್ಪಷ್ಟವಾಗಿ ಕಾಣುತ್ತಿತ್ತು.

"ಒಳಗೆ ಎಂತ ಉಂಟು ಅಂತಲೇ ಗೊತ್ತಾಗುದಿಲ್ಲ" ಎಂದಳು ಅಫ್ರಾ. ಧ್ವನಿ ಸಣ್ಣದಾಗಿತ್ತು.

"ನಿಜವಾದ ಕೋಶದಲ್ಲಿ ಗೊತ್ತಾಗ್ತದಾ? ಅದಕ್ಕೇ ಅಲ್ವಾ ಸೂಕ್ಷ್ಮದರ್ಶಕ ಕಂಡು ಹಿಡಿದದ್ದು?"

ಅವಳು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ನನ್ನ ಜ್ಞಾನಕ್ಕೆ ತಲೆಬಾಗಿದಳು ಎಂದುಕೊಂಡೆ. ಬಸಿಯನ್ನು ಫ್ರಿಜ್ಜಿನಲ್ಲಿಟ್ಟೆ. ಭಾಗಗಳ ಹೆಸರು ಬರೆದ ಚೀಟಿಗಳನ್ನು ಚುಚ್ಚಿದರೆ ಒದ್ದೆಯಾಗುತ್ತವೆ ಎಂದು ಅವನ್ನು ಸೋಮವಾರಕ್ಕೆ ಬಿಟ್ಟೆ.

ಸುಹರಾ ಆಗಲೇ ಎಚ್ಚರಿಸಿದ್ದಳು. "ನಾಳೆ ಸಲೀಂ ಬರ್ತಾನೆ. ಫ್ರಿಜ್ ನನಗೆ ಬೇಕು."

ಸಲೀಂ ಅವಳ ತಂಗಿಯ ಗಂಡ. ಐವರ್ನಾಡಿನ ಹುಡುಗ, ಸುಳ್ಯದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಇಂಥ ಹೊಸ ಅಳಿಯನನ್ನು ನಾವು ಪುದಿಯಾಪ್ಲೆ ಎನ್ನುತ್ತೇವೆ. ಹುಡುಗಿಯ ಕಡೆಯ ನೆಂಟರೆಲ್ಲ ಸರದಿಯಂತೆ ಅವನನ್ನು ಕರೆದು ಊಟ ಹಾಕಬೇಕು. ಮೇಜಿನ ಬಟ್ಟೆ ಕಾಣಬಾರದು, ಅಷ್ಟು ಬಗೆ ಇಡಬೇಕು. ಒಮ್ಮೆ ಅವನ ಮುಂದೆ ಇಟ್ಟದ್ದನ್ನು ನಾವು ವಾಪಸು ತೆಗೆಯುವ ಹಾಗಿಲ್ಲ, ತೆಗೆದರೆ ಅವನಿಗೆ ಅವಮಾನ. ಬಡಿಸಿದ್ದನ್ನು ಅವನು ಬೇಡ ಅನ್ನುವ ಹಾಗಿಲ್ಲ, ಅಂದರೆ ನಮಗೆ ಅವಮಾನ. ಈ ಎರಡು ಅವಮಾನಗಳ ನಡುವೆ ಸಿಕ್ಕಿಬಿದ್ದು ಎಷ್ಟೋ ಪುದಿಯಾಪ್ಲೆಗಳ ಹೊಟ್ಟೆ ಕೆಟ್ಟಿದೆ.

ಭಾನುವಾರ ಬೆಳಿಗ್ಗೆಯೇ ಮಾಮಿ ತಮ್ಮ ಮನೆಯಿಂದ ಬಂದು ಅಡುಗೆಮನೆಯ ಅಧಿಕಾರ ವಹಿಸಿಕೊಂಡಿದ್ದರು. ಮಧ್ಯಾಹ್ನ ನಾನು ಪೇಟೆಗೆ ಹೋಗಿ ಸಲೀಮನನ್ನೂ ಅವನ ಗೆಳೆಯ ಅಶ್ರಫನನ್ನೂ ದಾರಿ ತೋರಿಸಿ ಕರೆತಂದೆ. ಕೈ ತೊಳೆಸಿದೆ. ಊಟದ ಕೋಣೆಗೆ ಕರೆದೆ. ಬಿರಿಯಾನಿ, ಪತ್ತಿರ್, ಹುರಿದ ಕೋಳಿ, ಮೀನು ಎಲ್ಲ ಇತ್ತು. ಎಲ್ಲದರ ನಡುವೆ, ರಾಜಠೀವಿಯಿಂದ, ನನ್ನ ಜೀವಕೋಶ!

ಅಡುಗೆಮನೆಗೆ ಓಡಿದೆ.

"ಮಾಮಿ, ಆ ಪುಡ್ಡಿಂಗು!"

"ಚಂದ ಮಾಡಿದ್ದಿ ಮೋನೆ. ನಾನು ಮಾಡಿದ್ದು ಸರಿಯಾಗಿ ಗಟ್ಟಿಯಾಗ್ಲಿಲ್ಲ. ನಿನ್ನದನ್ನೇ ಇಟ್ಟೆ" ಎಂದರು ಮಾಮಿ. ಮೋನೆ ಅಂದರೆ ಮಗನೇ. ಮದುವೆಯಾದಂದಿನಿಂದ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

"ಸುಹರಾ, ತೆಗಿ ಅದನ್ನು! ಅಫ್ರಾಳ ಮಾದರಿ ಅದು!"

"ಈಗ ತೆಗೆದ್ರೆ ನನ್ನ ತಂಗಿಯ ಗತಿ ಎಂತ?" ಸುಹರಾಳ ಮುಖವೂ ಬಿಳಿಚಿತ್ತು. "ಪುದಿಯಾಪ್ಲೆಯ ಮುಂದಿಂದ ಬಸಿ ಎಳ್ಕೊಂಡ್ರು ಅಂತ ಐವರ್ನಾಡಿಗೆಲ್ಲ ಸುದ್ದಿ ಆಗ್ತದೆ. ಅವರು ಬಿರಿಯಾನಿಯಲ್ಲೇ ಹೊಟ್ಟೆ ತುಂಬಿಸುವ ಹಾಗೆ ನೋಡಿ. ಅಫ್ರಾ ಮೇಲೆ ಓದ್ತಾ ಇದ್ದಾಳೆ, ಅವಳಿಗೆ ಹೇಳ್ಬೇಡಿ."

ಸರಿ. ನನ್ನ ಜೀವನದಲ್ಲಿ ಅಷ್ಟು ಉದಾರವಾಗಿ ಯಾರಿಗೂ ಬಿರಿಯಾನಿ ಬಡಿಸಿದ್ದಿಲ್ಲ. ಸಲೀಂ ತುಂಬ ಸಾಧು ಹುಡುಗ. ಹಾಕಿದ್ದನ್ನೆಲ್ಲ ತಲೆ ತಗ್ಗಿಸಿ ತಿಂದ. ಅವನ ತಾಯಿ ಚೆನ್ನಾಗಿ ಹೇಳಿ ಕಳಿಸಿದ್ದರು ಎಂದು ಕಾಣುತ್ತದೆ. ಕೊನೆಗೆ ಅವನ ಬೆನ್ನು ನೆಟ್ಟಗಾಯಿತು, ಉಸಿರು ಮೇಲಾಯಿತು. ಗೆದ್ದೆ ಎಂದುಕೊಂಡೆ.

ಬಾಗಿಲ ಪರದೆಯ ಹಿಂದಿನಿಂದ ಮಾಮಿಯ ಧ್ವನಿ ಬಂತು. "ಮೋನೆ, ಪುಡ್ಡಿಂಗ್ ಹಾಕು ಪುದಿಯಾಪ್ಲೆಗೆ!"

ನಾನೇ ಚಮಚ ಹಿಡಿದೆ. ಕಣ್ಣಿನ ಡಾಕ್ಟರು ಪೊರೆ ತೆಗೆಯುವಷ್ಟು ಜಾಗ್ರತೆಯಲ್ಲಿ, ಒಂದು ಮೂಲೆಯಿಂದ ಬರೀ ಕೋಶದ್ರವ್ಯವನ್ನು ಕೆರೆದು ಸಲೀಮನ ತಟ್ಟೆಗೆ ಹಾಕಿದೆ. ಅವನು ಬಾಯಿಗಿಟ್ಟ.

ಕಟಕ್!

ಸಲೀಂ ಅಗಿಯುವುದನ್ನು ನಿಲ್ಲಿಸಿದ. ನನ್ನನ್ನು ನೋಡಿದ. ನಾನು ಚಾವಣಿಯನ್ನು ನೋಡಿದೆ.

"ಅದು... ದಾಳಿಂಬೆ ಬೀಜ" ಎಂದೆ.

"ಹೌದು ಕಾಕ. ಸ್ವಲ್ಪ ಗಟ್ಟಿ. ಆದ್ರೆ ರುಚಿ ಉಂಟು" ಎಂದು ಆ ಪುಣ್ಯಾತ್ಮ ನುಂಗಿಯೇಬಿಟ್ಟ! ಅವನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

"ನಡುವಿನದ್ದು ಹಾಕು ಮೋನೆ!" ಪರದೆಯ ಹಿಂದಿನಿಂದ ಮತ್ತೆ ಬಂತು. "ಆ ದೊಡ್ಡ ಚೆರ್ರಿ! ಅದು ಪುದಿಯಾಪ್ಲೆಗೇ ಅಲ್ವಾ ಇಟ್ಟದ್ದು?"

"ಬೇಡ ಮಾಮಿ, ಅವನಿಗೆ ಹೊಟ್ಟೆ ತುಂಬಿದೆ."

"ತುಂಬಿದೆ ಅಂತ ಅವನು ಹೇಳಿದ್ನಾ? ನೀನು ಹೇಳುದಾ? ಏನು ಹಮೀದೇ, ಒಂದು ಹಣ್ಣಿಗೂ ಲೆಕ್ಕ ಹಾಕ್ತಿಯಲ್ಲ!"

ಹೊಗಳಿಕೆಯ ಆಯುಷ್ಯ ಅಷ್ಟೇ. ಅಶ್ರಫ್ ತಲೆ ತಗ್ಗಿಸಿ ನಕ್ಕ. ತನ್ನಿಂದಾಗಿ ನನಗೆ ಬೈಗುಳ ಸಿಕ್ಕಿತೆಂದು ಸಲೀಮನಿಗೆ ಸಂಕಟವಾಯಿತೋ ಏನೋ, "ತಿಂತೇನೆ ಮಾಮಿ" ಎಂದು ತಾನೇ ಚಮಚ ತೆಗೆದುಕೊಂಡು ಕೋಶಕೇಂದ್ರಕ್ಕೆ ಹಾಕಿದ. ಅದು ತುಂಡಾಗಲಿಲ್ಲ. ಇನ್ನಷ್ಟು ಒತ್ತಿದ. ಜಾರಿತು. ಎದ್ದು ನಿಂತು, ಹೊಸ ಅಳಿಯನ ಸಂಪೂರ್ಣ ಬಲವನ್ನು ಹಾಕಿ ಒತ್ತಿದ.

ಕೋಶಕೇಂದ್ರ ಮೇಲಕ್ಕೆ ಹಾರಿತು! ಅಶ್ರಫನ ಹಣೆಗೆ ಬಡಿಯಿತು, ಮೀನಿನ ಸಾರಿಗೆ ಬಿತ್ತು, ಅಲ್ಲಿಂದಲೂ ಪುಟಿದು ನೆಲದ ಮೇಲೆ ಕುಣಿಯುತ್ತ ಹೋಗಿ ಮೆಟ್ಟಿಲ ಬುಡದಲ್ಲಿ ನಿಂತಿತು. ಗಾಬರಿಯಲ್ಲಿ ಸಲೀಂ ಚಮಚ ಎತ್ತಿದ. ಅದಕ್ಕೆ ಸಿಕ್ಕಿಕೊಂಡು ಲೇಸು ಬಂತು. ಎಳೆದಷ್ಟೂ ಬರುತ್ತಿತ್ತು. ಕೊನೆಗೆ ಲೇಸಿನ ತುದಿಯಲ್ಲಿ ಎರಡು ಕ್ಲಿಪ್ಪುಗಳೂ ಬಂದವು.

"ಕಾಕ," ಎಂದ ಸಲೀಂ ಬಹಳ ಮೆತ್ತಗೆ, "ಇದು ಯಾವ ಹಣ್ಣು?"

ಆಗ ಮೆಟ್ಟಿಲ ಬುಡದಲ್ಲಿ ಅಫ್ರಾ ನಿಂತಿದ್ದಳು. ಕೈಯಲ್ಲಿ ಸಾರು ಮೆತ್ತಿದ ರಬ್ಬರ್ ಚೆಂಡು. ಅವಳು ಮೇಜನ್ನು ನೋಡಿದಳು, ಬಸಿಯನ್ನು ನೋಡಿದಳು. ಕಿರುಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕಿರುಚಲಿಲ್ಲ. ಕಣ್ಣು ತುಂಬಿ ಬಂತು ಅಷ್ಟೇ. ಎಲ್ಲ ಹಾಸ್ಯದ ಮಾತು ಬಿಡಿ, ಆಗ ನನಗೆ ನಿಜವಾಗಿ ಅಳು ಬಂದಿತ್ತು.

"ನಾಳೆ ನಾನು ಎಂತ ಹಿಡ್ಕೊಂಡು ಹೋಗುದು ಉಪ್ಪ?"

ಸಲೀಂ ಕುರ್ಚಿಯಿಂದ ಎದ್ದ. "ಇದು ಮೋಳುವಿನದ್ದಾ? ನನಗೆ ಗೊತ್ತೇ ಇರ್ಲಿಲ್ಲ. ಎಂತ ಇದು?"

ಅಫ್ರಾ ಮೂಗು ಒರೆಸಿಕೊಂಡು ಮೇಜಿನ ಹತ್ತಿರ ಬಂದಳು. ಚೆಂಡನ್ನು ಎತ್ತಿ ಹಿಡಿದಳು. "ಇದು ಕೋಶಕೇಂದ್ರ. ಕೋಶದ ಕೆಲಸವನ್ನೆಲ್ಲ ನಿಯಂತ್ರಿಸ್ತದೆ. ವಂಶವಾಹಿಗಳು ಇರುದು ಇದರಲ್ಲಿ." ಕ್ಲಿಪ್ಪು ಎತ್ತಿದಳು. "ಇದು ಮೈಟೋಕಾಂಡ್ರಿಯಾ. ಆಹಾರದಿಂದ ಶಕ್ತಿ ಬಿಡುಗಡೆ ಮಾಡ್ತದೆ. ಈ ಹಸಿರು ಗುಂಡಿ ಇದರಲ್ಲಿ ಇರ್ಲಿಕ್ಕಿಲ್ಲ, ಉಪ್ಪ ಹಾಕಿದ್ದು. ಈ ಗೋಡೆಯೂ ಇರ್ಲಿಕ್ಕಿಲ್ಲ, ಅದೂ ಉಪ್ಪ ಹಾಕಿದ್ದು. ಹಾಲೂ ಉಪ್ಪನದ್ದೇ."

"ಮತ್ತೆ ನಾನು ಅಗಿದದ್ದು?"

"ರೈಬೋಸೋಮ್."

"ಅದರ ಕೆಲಸ ಎಂತ?"

"ಪ್ರೋಟೀನ್ ತಯಾರಿಸುದು."

"ಒಳ್ಳೆದಾಯ್ತಲ್ಲ ಸಲೀಮಾ! ಇನ್ನು ನಿನಗೆ ಬಾಡಿ ಬರ್ತದೆ" ಎಂದ ಅಶ್ರಫ್, ಹಣೆ ಒರೆಸಿಕೊಳ್ಳುತ್ತ. ಎಲ್ಲರೂ ನಕ್ಕರು. ಪರದೆಯ ಹಿಂದೆ ಮಾಮಿ ಮಾತ್ರ, ಅದುವರೆಗೆ ನಾನು ಕೇಳಿರದ ಕೆಲವು ಬ್ಯಾರಿ ಪದಗಳನ್ನು ಬಳಸಿದರು.

ಸಂಜೆ ನೆಂಟರು ಹೋದ ಮೇಲೆ ಅಫ್ರಾಳ ಹತ್ತಿರ ಹೋದೆ. "ಮೋಳೆ, ಹೆದರಬೇಡ. ಅಂಗಡಿಯಲ್ಲಿ ಥರ್ಮಾಕೋಲ್ ಉಂಟು. ಮೇಲೆ ಸ್ವಲ್ಪ ಮಣ್ಣು ಹಚ್ಚಿದ್ರೆ ಪರಿಸರಸ್ನೇಹಿ ಆಗ್ತದೆ. ಬೆಳಿಗ್ಗೆಯೊಳಗೆ ನಾನು..."

"ಉಪ್ಪ," ಎಂದಳು ಅವಳು. "ನಿಮ್ಮ ಕಾಲು ಹಿಡೀತೇನೆ. ನೀವು ಏನೂ ಮಾಡ್ಬೇಡಿ."

ಬೆಳಿಗ್ಗೆ ನೋಡಿದರೆ ಹುಡುಗಿ ಸಮವಸ್ತ್ರ ಹಾಕಿ ಫ್ರಿಜ್ಜಿನ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಒಂದು ಕೋಳಿಮೊಟ್ಟೆ.

"ಪಾಠದಲ್ಲೇ ಉಂಟು. ಕೋಳಿಮೊಟ್ಟೆಯ ಹಳದಿ ಅಂದ್ರೆ ಒಂದೇ ಒಂದು ಜೀವಕೋಶ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು."

ರಾತ್ರಿ ನಮ್ಮಲ್ಲೇ ಉಳಿದಿದ್ದ ಮಾಮಿಗೆ ಮೊಮ್ಮಗಳ ಮೇಲೆ ಪ್ರೀತಿ ಉಕ್ಕಿತು. "ಅದೆಂತ ಫಾರಂದು? ನಾನು ಮನೆಯಿಂದ ತಂದ ಊರಕೋಳಿಯ ಮೊಟ್ಟೆ ಉಂಟು, ಅದು ತಕೊಂಡು ಹೋಗು. ಮರ್ಯಾದೆ ಬೇಡ್ವಾ?"

"ಊರಕೋಳಿದು ಆಗುದಿಲ್ಲ ಉಮ್ಮಾಮ. ನಿಮ್ಮಲ್ಲಿ ಹುಂಜ ಉಂಟಲ್ಲ. ಅದರಲ್ಲಿ ಮರಿ ಬೆಳೀಲಿಕ್ಕೆ ಶುರುವಾಗಿ ಕೋಶ ಒಂದಿದ್ದದ್ದು ತುಂಬ ಆಗಿರ್ತದೆ."

ಹುಂಜದ ವಿಷಯ ಬಂದದ್ದರಿಂದ ಮಾಮಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಒಳಗೆ ಹೋದರು.

ಪುತ್ತೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಅವಳಿಗೆ. ನಾನು ನಿಂತಿದ್ದೆ. "ಕೊಡು, ನಾನು ಹಿಡ್ಕೊಳ್ತೇನೆ" ಎಂದೆ. ಅವಳು ಮೊಟ್ಟೆಯನ್ನು ಎದೆಗೆ ಅವಚಿಕೊಂಡು ಆಚೆ ತಿರುಗಿದಳು. ಅದರ ಅರ್ಥ ನನಗೆ ಮಾತ್ರವಲ್ಲ, ಕಂಡಕ್ಟರಿಗೂ ಆಯಿತು.

ಪ್ರದರ್ಶನದ ಸಭಾಂಗಣ ನೋಡಬೇಕಿತ್ತು ನೀವು! ಒಂದು ಮೇಜಿನ ಮೇಲೆ ಮೋಟರಿನಿಂದ ಬಡಿದುಕೊಳ್ಳುವ ಹೃದಯ. ಇನ್ನೊಂದರ ಮೇಲೆ ಬಣ್ಣದ ದೀಪ ಹತ್ತುವ ಮೂತ್ರಪಿಂಡ. ಮತ್ತೊಂದರ ಮೇಲೆ ಹೊಗೆ ಉಗುಳುವ ಕಾರ್ಖಾನೆ. ಪ್ರತಿ ಮೇಜಿನ ಹಿಂದೆ ಒಬ್ಬ ಪುಟ್ಟ ವಿಜ್ಞಾನಿ, ಪ್ರತಿ ಮೇಜಿನ ಕೆಳಗೆ ವಯರು ಜೋಡಿಸುತ್ತಿರುವ ಒಬ್ಬ ಅಪ್ಪ. ಗಂಟೆ ಹೊಡೆದಾಗ ಪೋಷಕರನ್ನೆಲ್ಲ ಹೊರಗೆ ಕಳಿಸಿದರು. ನಾವೆಲ್ಲ ಕಿಟಕಿಗೆ ನೇತುಬಿದ್ದೆವು. ಎಲ್ಲರ ಬೆರಳಿನಲ್ಲೂ ಒಣಗಿದ ಅಂಟು.

ತೀರ್ಪುಗಾರರು ಹಿರಿಯರೊಬ್ಬರು, ಕನ್ನಡಕದವರು. ಪ್ರತಿ ಮೇಜಿನಲ್ಲೂ ಅದೇ ಪ್ರಶ್ನೆ. "ಇದನ್ನು ಮಾಡಿದ್ದು ಯಾರು?"

"ನಾನೇ ಸರ್."

"ನಾನೇ ಸರ್."

ಅಷ್ಟರಲ್ಲಿ ಹೃದಯ ನಿಂತುಹೋಯಿತು. "ಯಾಕೆ ನಿಂತಿತು?" ಎಂದು ಕೇಳಿದರು. "ಗೊತ್ತಿಲ್ಲ ಸರ್, ಅಪ್ಪ ಹೊರಗೆ ಇದ್ದಾರೆ" ಎಂದಿತು ಮಗು.

ಅಫ್ರಾಳ ಮೇಜಿನ ಮೇಲೆ ಒಂದು ಬಿಳಿ ಬಸಿ, ಒಂದು ಮೊಟ್ಟೆ.

"ಮಾದರಿ ಎಲ್ಲಮ್ಮ?"

"ಮಾದರಿ ಅಲ್ಲ ಸರ್. ನಿಜವಾದ್ದೇ ತಂದಿದ್ದೇನೆ." ಮೊಟ್ಟೆಯನ್ನು ಬಸಿಯ ಅಂಚಿಗೆ ತಟ್ಟಿ ಒಡೆದಳು. ಹಳದಿ ಒಡೆಯಲಿಲ್ಲ. ನನ್ನ ಉಸಿರು ವಾಪಸು ಬಂತು. "ಚಿಪ್ಪು ಮತ್ತು ಬಿಳಿ ಲೋಳೆ ರಕ್ಷಣೆಗೆ ಇರುವುದು, ಅದು ಕೋಶದ ಭಾಗ ಅಲ್ಲ. ಈ ಹಳದಿ ಒಂದು ಜೀವಕೋಶ. ಇದರ ಸುತ್ತ ಕೋಶಪೊರೆ ಉಂಟು. ಯಾವುದು ಒಳಗೆ ಹೋಗಬೇಕು, ಯಾವುದು ಹೊರಗೆ ಬರಬೇಕು ಅಂತ ಅದು ನೋಡಿಕೊಳ್ಳುತ್ತದೆ. ಹಳದಿ ಆಹಾರದ ದಾಸ್ತಾನು. ಈ ಸಣ್ಣ ಬಿಳಿ ಚುಕ್ಕೆ ಕಾಣ್ತದಲ್ಲ ಸರ್, ಕೋಶಕೇಂದ್ರ ಇರುವುದು ಅಲ್ಲಿ. ಮೈಟೋಕಾಂಡ್ರಿಯಾ, ರೈಬೋಸೋಮ್ ಎಲ್ಲ ಇದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ."

ತೀರ್ಪುಗಾರರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ಸರಿ, ಇದನ್ನು ಮಾಡಿದ್ದು ಯಾರು?"

"ಕೋಳಿ, ಸರ್."

ಕಿಟಕಿಯಲ್ಲಿದ್ದ ಅಪ್ಪಂದಿರೂ ನಕ್ಕರು.

"ಮನೆಯವರು ಸಹಾಯ ಮಾಡ್ಲಿಲ್ವಾ?"

ಅಫ್ರಾ ಕಿಟಕಿಯ ಕಡೆ ನೋಡಿದಳು. ನಾನು ತಲೆ ತಗ್ಗಿಸಿಕೊಂಡೆ. "ನಮ್ಮ ಉಪ್ಪ ಏನೂ ಮಾಡ್ಲಿಲ್ಲ ಸರ್" ಎಂದಳು. ಎಷ್ಟು ದೊಡ್ಡ ಮನಸ್ಸು ಆ ಮಗುವಿಗೆ!

ಫಲಿತಾಂಶ ಬಂತು. ಅಫ್ರಾಳಿಗೆ ಎರಡನೇ ಸ್ಥಾನ. ಮೊದಲನೆಯದು ಮೋಟರಿನ ಹೃದಯಕ್ಕೆ ಹೋಯಿತು. ಅದರ ಅಪ್ಪನಿಗೆ ನಾನು ಹೃತ್ಪೂರ್ವಕವಾಗಿ ಅಭಿನಂದನೆ ಸಲ್ಲಿಸಿದೆ. ಅಫ್ರಾ ಪ್ರಮಾಣಪತ್ರ ಹಿಡಿದು ನಗುತ್ತಿದ್ದಳು, ನನಗೆ ಅಷ್ಟೇ ಸಾಕಿತ್ತು.

ಆದರೆ ತೀರ್ಪುಗಾರರಿಗೆ ಸಾಕಾಗಲಿಲ್ಲ. ಮೈಕ್ ಹಿಡಿದು ನನ್ನನ್ನು ವೇದಿಕೆಗೇ ಕರೆದುಬಿಟ್ಟರು. "ಮಗ್ಗುಲಲ್ಲಿ ನಿಂತಿರುವ ಈ ತಂದೆಯನ್ನು ನೋಡಿ. ಮಗಳ ಕೆಲಸಕ್ಕೆ ಒಂದು ಬೆರಳೂ ಹಚ್ಚದ ಪೋಷಕ! ಎಷ್ಟು ಆಸೆ ಇದ್ದರೂ ಕೈ ಕಟ್ಟಿ ಕೂರುವುದು ಸುಲಭವಲ್ಲ. ಎಲ್ಲ ಪೋಷಕರೂ ಇವರಿಂದ ಕಲಿಯಬೇಕು. ಇದು ನಿಮಗೆ ಹೇಗೆ ಸಾಧ್ಯವಾಯಿತು ಅಂತ ಎರಡು ಮಾತು ಹೇಳಿ."

ಮೈಕ್ ನನ್ನ ಕೈಗೆ ಬಂತು. ಗಂಟಲು ಸರಿಮಾಡಿಕೊಂಡೆ. 'ಕೋಶವೆಂದರೆ ಒಂದು ಮನೆ' ಎಂದು ಶುರುಮಾಡೋಣ ಎನಿಸಿತು. ಬಾಯಿ ತೆರೆದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಫ್ರಾ ನನ್ನನ್ನೇ ನೋಡುತ್ತ ಮೆಲ್ಲನೆ ತುಟಿಯ ಮೇಲೆ ಬೆರಳಿಟ್ಟಳು.

ಬಾಯಿ ಮುಚ್ಚಿದೆ. ಕೈ ಮುಗಿದು ಕೆಳಗಿಳಿದೆ. ಏನೂ ಮಾಡದ್ದಕ್ಕೆ ಮತ್ತು ಏನೂ ಹೇಳದ್ದಕ್ಕೆ ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು.